ರಾಗಿಯಲ್ಲಿ ಚೆಂಡನ್ನು ಅಳೆಯಿಸಿದ ಜಯದೇವಿಯವರು

ಮಾಗಿಯ ಚಳಿ ಬಿಡುವ ಹೊತ್ತಿಗೆ ಕೆಂಗೇರಿಯ ಕಣಗಳಲ್ಲಿ ರಾಗಿ ತೂರುವ ಕೆಲಸ ಸಾಗಿರುತ್ತಿತ್ತು. ಅದೇ ದಿನಗಳಲ್ಲಿ ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಗೆ ಶ್ರೀಮತಿ ಜಯದೇವಿಯವರು ಘನಾಕೃತಿಗಳ ಪಾಠ ಎತ್ತಿಕೊಳ್ಳುತ್ತಿದ್ದರು. ಸೂತ್ರಗಳನ್ನು ಬಾಯಿಪಾಠ ಮಾಡಿಸಿ ಅಂಕ ತರಿಸುವ ಗಣಿತ ಶಿಕ್ಷಕರು ಹಲವರಿದ್ದಾರೆ. ಸೂತ್ರದ ಹುಟ್ಟನ್ನು ಮಕ್ಕಳ ಕೈಯಿಂದಲೇ ಕಾಣಿಸಿದ ಕೆಲವೇ ಹಿರಿಯರಲ್ಲಿ ಅವರೊಬ್ಬರು.

ರಾಜಾಜಿನಗರದ ಶಾಲೆಯೊಂದರಲ್ಲಿ ಬಹುಕಾಲ ದುಡಿದು, ೧೯೮೧ರಲ್ಲಿ ಅವರು ಇಲ್ಲಿಗೆ ವರ್ಗವಾಗಿ ಬಂದಾಗ ನಾನಿಲ್ಲಿ ಕನ್ನಡ ಪಂಡಿತನಾಗಿದ್ದೆ. ಅವರ ಚೀಲದಲ್ಲಿ ನಡುವಿಗೆ ಕೊಯ್ದ ಅರ್ಧ ರಬ್ಬರ್ ಚೆಂಡು, ಅದರದೇ ಬಾಯಗಲಕ್ಕೆ, ಅದರದೇ ಆಳಕ್ಕೆ ಮಾಡಿಸಿದ ತಗಡಿನ ಶಂಕು ಇದ್ದವು. ಶಂಕುವಿನಿಂದ ಎರಡು ಬಾರಿ ರಾಗಿ ಸುರಿದರೆ ಅರ್ಧ ಚೆಂಡು ತುಂಬುತ್ತದೆ. ಆದ್ದರಿಂದ ಇಡೀ ಚೆಂಡಿಗೆ ನಾಲ್ಕು ಶಂಕು. ಇದನ್ನು ಮಕ್ಕಳು ಕಣ್ಣಾರೆ ಕಂಡ ಮೇಲೆಯೇ ಅವರು ಹಲಗೆಯ ಮೇಲೆ ಸೂತ್ರ ಬರೆಯುತ್ತಿದ್ದುದು.

ಎಂಬತ್ತನಾಲ್ಕರಲ್ಲಿ ಹಳೆಯೂರಿನ ರೈತ ಬೈರಪ್ಪನವರು ಮಗಳು ಶಿವಗಂಗಮ್ಮನ ಟಿ.ಸಿ. ಕೇಳಿಕೊಂಡು ಬಂದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಗಣಿತದಲ್ಲಿ ನಪಾಸಾಗಿದ್ದಳು.

“ಲೆಕ್ಕ ಅವಳ ತಲೆಗೆ ಹತ್ತಲ್ಲ ಮೇಡಂ. ಮನೇಲಿ ಕೂತು ಊದುಬತ್ತಿ ಹೊಸೀಲಿ ಬಿಡಿ.”

“ಹತ್ತುತ್ತೋ ಇಲ್ವೋ ನೀವೇ ನೋಡಿ. ಒಂದು ಪೀರಿಯಡ್ ಕೂತ್ಕೊಳ್ಳಿ,” ಎಂದು ಜಯದೇವಿಯವರು ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಹುಡುಗಿಯ ಕೈಗೆ ಶಂಕು ಕೊಟ್ಟರು. ಪಕ್ಕದ ಕೊಠಡಿಯಲ್ಲಿದ್ದ ನಾನೂ ಬಾಗಿಲಿಗೆ ಬಂದು ನಿಂತೆ. ಎರಡನೆಯ ಬಾರಿ ಸುರಿಯುವಷ್ಟರಲ್ಲಿ ಚೆಂಡು ತುಂಬಿ ರಾಗಿ ತಟ್ಟೆಗೆ ಚೆಲ್ಲಿತು.

“ಏನೇ, ಮದ್ವೆ ಮನೆಗೆ ಅಳೀತಿದೀಯಾ?” ಎಂದಳೊಬ್ಬಳು. ತರಗತಿ ಗೊಳ್ಳೆಂದಿತು. ಶಿವಗಂಗಮ್ಮ ಶಂಕುವಿನ ಬಾಯಿ ಸವರದೆ, ಮೇಲೆ ಗೋಪುರವೇಳುವಂತೆ ತುಂಬಿ ಸುರಿದಿದ್ದಳು.

ಬೈರಪ್ಪನವರು ಎದ್ದು ನಿಂತರು. “ಅವಳ ತಪ್ಪಲ್ಲ ಮೇಡಂ, ನಾವೇ ಕಲ್ಸಿದ್ದು. ಕೊಡೋವಾಗ ಬಾಯಿ ಸವರಿದ್ರೆ ಮನೆಗೆ ಏಳ್ಗೆ ಇಲ್ಲ ಅಂತೀವಿ.”

“ಕೊಡೋಕೆ ಅದೇ ಸರಿ,” ಎಂದು ನಕ್ಕ ಜಯದೇವಿಯವರು ಹುಡುಗಿಯತ್ತ ತಿರುಗಿದರು. “ಆ ಗೋಪುರ ಯಾವ ಆಕಾರ ಕಣೇ?”

ಅವಳು ಮತ್ತೊಮ್ಮೆ ತುಂಬಿ ನೋಡಿದಳು. “ಅದೂ ಶಂಕುನೇ ಮೇಡಂ! ಎರಡು ಸಲಾನೂ ಒಂದೊಂದು ಚಿಕ್ಕ ಶಂಕು ಜಾಸ್ತಿ ಹಾಕ್ಬಿಟ್ಟೆ.”

ಅಡಿಪಟ್ಟಿ ಹಿಡಿದು ಗೋಪುರದ ಎತ್ತರ ಅಳೆದು, ಅಂಥ ಎರಡರ ಘನಫಲವನ್ನು ಯಾರೂ ಹೇಳಿಕೊಡದೆ ಹಲಗೆಯ ಮೇಲೆ ಬಿಡಿಸಿದಳು. ಚೆಲ್ಲಿದ ರಾಗಿಯನ್ನು ಅಳೆದಾಗ ಲೆಕ್ಕ ಹೆಚ್ಚುಕಡಿಮೆ ಕೂಡಿತು. ಬೈರಪ್ಪನವರು ಹಲಗೆಯನ್ನು ಬಹಳ ಹೊತ್ತು ನೋಡಿ, ಟಿ.ಸಿ.ಯ ಮಾತೆತ್ತದೆ ಹೊರಟುಹೋದರು.

ಶಿವಗಂಗಮ್ಮ ಮರುವರ್ಷ ತೇರ್ಗಡೆಯಾದಳು. ತಂದೆ ಹೊಸ ರಾಗಿಯ ಮೂಟೆ ಹೊತ್ತು ತಂದರೆ ಜಯದೇವಿಯವರು ಮುಟ್ಟಲಿಲ್ಲ.

“ಹಂಗಾದ್ರೆ ನಿಮ್ಮ ಋಣ ನನ್ ಮೇಲೆ ಉಳ್ಕೊಳ್ಳುತ್ತಲ್ಲ ಮೇಡಂ?”

“ಚಿಕ್ಕವಳನ್ನೂ ಕಳ್ಸಿ, ತೀರುತ್ತೆ.”

ಕಳಿಸಿದರು. ಆ ಚಿಕ್ಕವಳು, ವತ್ಸಲಾ, ಈ ಜೂನ್‌ನಲ್ಲಿ ಹತ್ತನೆಯ ತರಗತಿಗೆ ಬರುತ್ತಾಳೆ. ಅಷ್ಟರಲ್ಲಿ ಜಯದೇವಿಯವರು ನಿವೃತ್ತರಾಗಿರುತ್ತಾರೆ. ಅವರಿಗೆ ಆಯುರಾರೋಗ್ಯಗಳು ತುಂಬಿ ಬರಲೆಂದು ಹಾರೈಸುವ ನಮಗೆ, ಅವರ ದುಡಿಮೆ ಮುಂದುವರಿಯಲೆಂದು ಬೇರೆಯಾಗಿ ಹಾರೈಸುವ ಅಗತ್ಯ ಬೀಳಲಿಲ್ಲ. ಗೋಳದ ಪಾಠ ಬಂದ ದಿನ ವಿಜಯನಗರದ ತಮ್ಮ ಮನೆಯಿಂದ ಬಸ್ಸು ಹತ್ತಿ ಬರುವೆನೆಂದು, ಯಾರೂ ಕೇಳುವ ಮೊದಲೇ, ಅವರು ಮುಖ್ಯೋಪಾಧ್ಯಾಯರಿಗೆ ಹೇಳಿಯಾಗಿದೆ.