ಸೌದೆ ಕೊಟ್ಟಿಗೆಯಲ್ಲಿ ಕಾವು

ಅರಂತೋಡಿನಲ್ಲಿ ಮಡಿಕೇರಿ ರಸ್ತೆಯ ಬದಿಗೆ ಹಕೀಮರ ಜಿನಸಿನ ಅಂಗಡಿ ಇದೆ. ಅಲ್ಲಿಗೆ ಹೋದವರು ಮರಗೆಣಸಿನ ಹಪ್ಪಳದ ಒಂದು ಕಟ್ಟನ್ನಾದರೂ ಕೊಳ್ಳದೆ ಬರುವುದು ಕಡಿಮೆ. ಆ ಹಪ್ಪಳ ಮಾಡುವವರು ಅಂಗಡಿಯ ಹಿಂದಿನ ಏರಿನ ಮನೆಯ ಕೌಸಲ್ಯಕ್ಕ. ಹಪ್ಪಳ ಎಷ್ಟು ಒಣಗಿದೆ ಎಂದು ತಿಳಿಯಲು ಅವರು ಬಿಸಿಲನ್ನು ನೋಡುವುದಿಲ್ಲ. ಹಪ್ಪಳದ ಮೇಲೆ ಅಂಗೈ ಇಡುತ್ತಾರೆ, ಅಷ್ಟೇ. ಅರುವತ್ತರ ಹತ್ತಿರ ಬಂದ ಆ ಕೈಗಳು ಹಿಟ್ಟು, ಹೂವು, ಸಗಣಿ, ಗಂಧ ಎಲ್ಲವನ್ನೂ ಮುಟ್ಟಿದ್ದವು. ಮೊಟ್ಟೆಯನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಅದಕ್ಕೆ ಪ್ರವೇಶವೇ ಇರಲಿಲ್ಲ.

ಕಳೆದ ಧನುರ್ಮಾಸದ ಮೊದಲ ವಾರ. ಹಕೀಮರ ಹೆಂಡತಿ ಸುಹರಾ ಏರು ಹತ್ತಿ ಬಂದು ಅಂಗಳದ ತುದಿಯಲ್ಲಿ ನಿಂತಳು. ಮಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೊರಟವಳು. ಹೊರಡುವ ಮೊದಲು ಮನೆಮನೆಗೆ ಹೋಗಿ, ತಪ್ಪಾಗಿದ್ದರೆ ಮನ್ನಿಸಿ ಎಂದು ಕೇಳಿಕೊಳ್ಳುವುದು ಅವರಲ್ಲಿ ಪದ್ಧತಿ.

"ಕೌಸಲ್ಯಕ್ಕ, ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ಏನಾದ್ರೂ ಬೇಜಾರು ಆಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

"ಎಂತ ಬೇಜಾರು ಮಾರಾಯ್ತಿ? ಬಾ, ಕೂತುಕೋ."

ಸುಹರಾ ಕೂರಲಿಲ್ಲ. ಸೆರಗಿನ ತುದಿ ತಿರುಚುತ್ತಾ ಹೇಳಿದಳು: "ಒಂದುಂಟು ಅಕ್ಕ. ನನ್ನ ಚುಕ್ಕೆ ಹೇಂಟೆ ಕಾಣೆಯಾಯ್ತಲ್ಲ, ನಿಮ್ಮ ಬೊಗ್ಗ ತಿಂದ ಅಂತ ನಾನು ಊರಿಡೀ ಹೇಳಿದ್ದೇನೆ."

ಬೊಗ್ಗ ಎಂಬ ನಾಯಿ ತನ್ನ ಹೆಸರು ಕೇಳಿ ಬಾಲ ಅಲ್ಲಾಡಿಸಿತು. ಕೌಸಲ್ಯಕ್ಕ ಉತ್ತರ ಕೊಡುವ ಮೊದಲೇ ಹಿತ್ತಿಲ ಕಡೆಯಿಂದ ಕೊಕ್, ಕೊಕ್ ಎಂಬ ದಪ್ಪ ದನಿ ಬಂತು. ಸುಹರಾಳ ಕಣ್ಣು ಅರಳಿತು. ಇಬ್ಬರೂ ಹಿಂದಕ್ಕೆ ಓಡಿದರು. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಹಪ್ಪಳ ಹಾಕಿ ಹಾಕಿ ತಳ ಸವೆದು ಮೂಲೆಗೆ ಬಿದ್ದಿದ್ದ ಬುಟ್ಟಿಯೊಳಗೆ ಚುಕ್ಕೆ ಹೇಂಟೆ ಮೈ ಉಬ್ಬಿಸಿ, ರಾಣಿಯ ಹಾಗೆ ಕೂತಿತ್ತು. ಹತ್ತಿರ ಹೋದರೆ ಪುಕ್ಕ ಕೆದರಿ ಗುರ್ರ್ ಎಂದಿತು.

"ಯಾ ಅಲ್ಲಾಹ್! ಕಾವಿಗೆ ಕೂತಿದ್ದಾಳೆ, ಕಳ್ಳಿ!"

"ಬೊಗ್ಗನ ಹತ್ತಿರವೂ ಕ್ಷಮೆ ಕೇಳಿ ಹೋಗು," ಎಂದರು ಕೌಸಲ್ಯಕ್ಕ.

ನಗು ಮುಗಿದ ಮೇಲೆ ವಿಷಯ ಗಂಭೀರವಾಯಿತು. ಕಾವಿಗೆ ಕೂತ ಹೇಂಟೆಯನ್ನು ನಡುವೆ ಎಬ್ಬಿಸಿ ಬೇರೆಡೆ ಇಟ್ಟರೆ ಅದು ಮತ್ತೆ ಕೂರುವ ಭರವಸೆಯಿಲ್ಲ. ಯಾವತ್ತು ಕೂತಿತೋ ಯಾರಿಗೂ ಗೊತ್ತಿಲ್ಲ. ಸುಹರಾಳ ಸೊಸೆ ಜಸೀನಾ ಪುತ್ತೂರಿನ ದರ್ಬೆಯಲ್ಲಿ, ಮೂರನೇ ಮಾಳಿಗೆಯ ಮನೆಯಲ್ಲಿ ಬೆಳೆದವಳು. ಕೋಳಿ ಕುಕ್ಕುತ್ತದೆಂದು ಹತ್ತು ಮಾರು ದೂರ ನಿಲ್ಲುವವಳು.

"ಮರಿ ಆಗುವವರೆಗೆ ಇಲ್ಲೇ ಇರ್ಲಿ ಅಕ್ಕ. ದಿನಕ್ಕೊಮ್ಮೆ ಅವಳೇ ಎದ್ದು ಬರ್ತಾಳೆ. ಸ್ವಲ್ಪ ನುಚ್ಚಕ್ಕಿ, ನೀರು. ಮತ್ತೆ ಓಡಿ ಹೋಗಿ ಕೂರ್ತಾಳೆ. ನೀವು ಮುಟ್ಟುದೇನೂ ಬೇಡ. ನಿಮ್ಮ ಕೈಯಲ್ಲಿ ಒಪ್ಪಿಸಿ ಹೋಗ್ತಾ ಇದ್ದೇನೆ."

'ಒಪ್ಪಿಸಿ ಹೋಗ್ತಾ ಇದ್ದೇನೆ' ಎಂಬ ಮಾತು ಕೌಸಲ್ಯಕ್ಕನೊಳಗೆ ಇಳಿದು ಕೂತಿತು. ದೇವರ ಮನೆಗೆ ಹೊರಟವಳು ಒಪ್ಪಿಸಿದ್ದು. ಗಂಡ ವೆಂಕಟ್ರಮಣರಿಗೆ ಅಷ್ಟು ಹಿಡಿಸಲಿಲ್ಲ. ಆದರೂ ಸ್ವಲ್ಪ ಯೋಚಿಸಿ, "ಕೊಟ್ಟಿಗೆಯ ಮಾಡು ಬೇರೆ, ಮನೆಯ ಮಾಡು ಬೇರೆ. ಇರ್ಲಿ," ಎಂದು, ಸೂರು ಒಂದೇ ಅಲ್ಲವೆಂಬ ದಾರಿಯೊಂದನ್ನು ತಾವೇ ಕಂಡುಕೊಂಡರು.

ಅಂದಿನಿಂದ ಕೌಸಲ್ಯಕ್ಕನಿಗೆ ಹೊಸದೊಂದು ಪಾಠ ಶುರುವಾಯಿತು. ಹೇಂಟೆ ಎದ್ದು ಬರುವಾಗ ಅವರು ದೂರದಲ್ಲಿ ನುಚ್ಚು ಚೆಲ್ಲಿ, ಕರಟದಲ್ಲಿ ನೀರಿಟ್ಟು ನಿಲ್ಲುತ್ತಿದ್ದರು. ಅದು ಗಬಗಬನೆ ತಿಂದು, ಮಣ್ಣಿನಲ್ಲಿ ಒಮ್ಮೆ ಹೊರಳಿ, ಏನೋ ಮರೆತವಳಂತೆ ತಟ್ಟನೆ ತಲೆಯೆತ್ತಿ ಓಡುತ್ತಿತ್ತು. ಬುಟ್ಟಿಗೆ ಹತ್ತಿ, ಕೊಕ್ಕಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ತಿರುಗಿಸಿ, ಬದಿಯದನ್ನು ನಡುವಿಗೆ ಎಳೆದುಕೊಂಡು, ಆಮೇಲೆ ಮೆಲ್ಲನೆ ಮೈ ಇಳಿಸುತ್ತಿತ್ತು. ಬದಿಯಲ್ಲಿದ್ದದ್ದಕ್ಕೆ ಕಾವು ಕಡಿಮೆಯಾಗುತ್ತದೆಂದು ಅದಕ್ಕೆ ಹೇಳಿಕೊಟ್ಟವರು ಯಾರು? ಜಪಕ್ಕೆ ಕೂತವರ ಮುಖದಲ್ಲಿಯೂ ಕೌಸಲ್ಯಕ್ಕ ಇಂಥ ಏಕಾಗ್ರತೆಯನ್ನು ಕಂಡಿರಲಿಲ್ಲ. ಹಿಟ್ಟು ನಾದುವಾಗಲೂ ಅವರಿಗೆ ಅದೇ ನೆನಪು.

ಹೀಗಿರುವಾಗ ಮಾವನವರ ತಿಥಿ ಬಂತು.

ಶ್ರಾದ್ಧದ ಅಡಿಗೆಗೆ ಕೋಳಿಯ ದೃಷ್ಟಿ ಬೀಳಬಾರದು, ರೆಕ್ಕೆಯ ಗಾಳಿ ತಾಗಬಾರದು ಎಂದು ಅತ್ತೆ ಹೇಳುತ್ತಿದ್ದದ್ದು ಕೌಸಲ್ಯಕ್ಕನಿಗೆ ನೆನಪಿತ್ತು. ಬೆಳಕು ಹರಿಯುವಾಗಲೇ, ಮಂಜು ಇನ್ನೂ ನೆಲ ಬಿಡದಿರುವಾಗ, ಸ್ನಾನಕ್ಕೆ ಹೋಗುವ ಮೊದಲು ಸೌದೆ ಕೊಟ್ಟಿಗೆಯ ಬಾಗಿಲು ಎಳೆದು ಚಿಲಕ ಹಾಕಿದರು. ಮಂಜಿನಲ್ಲಿ ಒಳಗೆ ಬಗ್ಗಿ ನೋಡಲಿಲ್ಲ. ಇವತ್ತೊಂದು ದಿನ ಒಳಗೇ ಇರಲಿ, ಮಧ್ಯಾಹ್ನದ ಮೇಲೆ ನುಚ್ಚು ಕೊಡೋಣ ಎಂದುಕೊಂಡರು. ಆಮೇಲೆ ಮಡಿ ಉಟ್ಟು ಒಲೆಯ ಮುಂದೆ ನಿಂತರು. ಸುಳ್ಯದಿಂದ ಮಗ ಹರಿಪ್ರಸಾದ್, ಸೊಸೆ ಭಾವನಾ ಬಂದಿದ್ದರು. ಅಡಿಗೆಯ ನಡುವೆ ಹಿತ್ತಿಲಿನಿಂದ ಕೊಕ್ ಕೊಕ್ ಎಂಬ ಗಲಾಟೆ ಹಲವು ಸಲ ಕೇಳಿಸಿತು. ಬಾಗಿಲು ಹಾಕಿದ್ದಕ್ಕೆ ಒಳಗಿನಿಂದ ಬೈಯುತ್ತಿದೆ ಎಂದು ಅವರು ಮನಸ್ಸಿನಲ್ಲೇ ನಕ್ಕರು.

ನಡು ಮಧ್ಯಾಹ್ನಕ್ಕೆ ಮಂತ್ರ, ಪಿಂಡಗಳೆಲ್ಲ ಮುಗಿದು, ಅಂಗಳದಾಚೆ ಬಾಳೆಲೆಯಲ್ಲಿ ಕಾಗೆಗೆ ಅನ್ನ ಇಟ್ಟರು. ವೆಂಕಟ್ರಮಣರು ಕಾ ಕಾ ಎಂದು ಕರೆದು ಕೈಮುಗಿದು ನಿಂತರು. ಕಾಗೆಗಳು ತೆಂಗಿನ ಗರಿಯ ಮೇಲೆ ಕೂತು ಕತ್ತು ಓರೆ ಮಾಡಿದವೇ ಹೊರತು ಇಳಿಯಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಆಗ ಮನೆಯ ಹಿಂದಿನಿಂದ, ರೆಕ್ಕೆ ಅರ್ಧ ಬಿಚ್ಚಿಕೊಂಡು, ಚುಕ್ಕೆ ಹೇಂಟೆ ಓಡಿ ಬಂತು. ನೇರ ಎಲೆಗೆ ಹೋಗಿ ಅನ್ನವನ್ನು ಕುಕ್ಕತೊಡಗಿತು.

"ಶಿವ ಶಿವ! ಇದು ಎಲ್ಲಿಯ ಕೋಳಿ ಮಾರಾಯ್ರೆ?" ಎಂದರು ಪುರೋಹಿತರು. ಹರಿಪ್ರಸಾದ್ ಹುಶ್ ಹುಶ್ ಎನ್ನುತ್ತಾ ಓಡಿದ. ವೆಂಕಟ್ರಮಣರ ಮುಖ ಸಣ್ಣದಾಯಿತು.

ಕೌಸಲ್ಯಕ್ಕನಿಗೆ ಅದೊಂದೂ ಕಾಣಲಿಲ್ಲ. ಅವರ ಕಣ್ಣಿಗೆ ಕಂಡದ್ದು ಚಿಲಕ ಹಾಕಿದ ಬಾಗಿಲು. ಹೇಂಟೆ ಹೊರಗಿದೆ. ಅಂದರೆ ಬೆಳಿಗ್ಗೆಯಿಂದಲೂ ಹೊರಗೇ ಇತ್ತು. ಆ ಗಲಾಟೆ ಬೈಗುಳವಾಗಿರಲಿಲ್ಲ. ಬಾಗಿಲು ತೆಗೆಯಿರಿ ಎಂಬ ಮೊರೆಯಾಗಿತ್ತು. ಒಳಗೆ ಬುಟ್ಟಿಯಲ್ಲಿ ಮೊಟ್ಟೆಗಳು ಮಂಜಿನ ಚಳಿಯ ಹೊತ್ತಿನಿಂದ ಈವರೆಗೆ ಕಾವಿಲ್ಲದೆ ಬಿದ್ದಿವೆ.

"ಆದದ್ದು ಆಯ್ತು. ಬೇರೆ ಎಲೆ ಹಾಕಿ," ಎಂದರು ಪುರೋಹಿತರು ಸಮಾಧಾನದಿಂದ. "ಅಮ್ಮ, ಆಮೇಲೆ ಬಡಿಸುದಕ್ಕೆ ತಯಾರು ಮಾಡಿ."

ಕೌಸಲ್ಯಕ್ಕ ಕೈಯಲ್ಲಿದ್ದ ಸೌಟನ್ನು ಸೊಸೆಗೆ ಕೊಟ್ಟರು. "ಭಾವನಾ, ಇವತ್ತು ನೀನು ಬಡಿಸು."

"ಎಲ್ಲಿಗೆ?" ಎಂದರು ವೆಂಕಟ್ರಮಣರು. "ಅಪ್ಪನ ತಿಥಿಯ ದಿನ ಮಡಿ ಬಿಟ್ಟು ಕೋಳಿ ಹಿಂದೆ ಹೋಗುದಾ?"

"ಬಾಗಿಲು ಹಾಕಿದವಳು ನಾನು," ಎಂದರು ಕೌಸಲ್ಯಕ್ಕ. ಮದುವೆಯಾದಂದಿನಿಂದ ಮಾವನವರ ಯಾವ ತಿಥಿಯಲ್ಲೂ ಅವರ ಕೈಯಿಂದ ಬಡಿಸುವುದು ತಪ್ಪಿರಲಿಲ್ಲ.

ಚಿಲಕ ತೆಗೆದರು. ಹೇಂಟೆ ಅವರ ಕಾಲ ಸಂದಿಯಿಂದ ನುಗ್ಗಿ ಬುಟ್ಟಿಗೆ ಹಾರಿತು. ಆದರೆ ಕೂರಲಿಲ್ಲ. ಕೊಕ್ಕಿನಿಂದ ಒಂದೆರಡನ್ನು ಮುಟ್ಟಿ, ಇಳಿದು, ಸೌದೆಯ ಸುತ್ತ ಸುತ್ತಿ, ಮತ್ತೆ ಹತ್ತಿ, ಮತ್ತೆ ಇಳಿಯಿತು. ಕೌಸಲ್ಯಕ್ಕ ಬಗ್ಗಿ ಕೈ ಚಾಚಿದರು. ಬೆರಳು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಮೊಟ್ಟೆಯನ್ನು ಮುಟ್ಟಿತು. ಬದುಕಿನಲ್ಲಿ ಮೊದಲ ಸಲ. ಹೊಳೆಯಿಂದ ಆಗಷ್ಟೇ ತೆಗೆದ ಕಲ್ಲಿನಷ್ಟು ತಣ್ಣಗಿತ್ತು.

ಅವರು ಏರಿನ ಅಂಚಿಗೆ ಬಂದು ಕೆಳಗಿನ ಮನೆಗೆ ಕೂಗಿದರು. "ಜಸೀನಾ! ನಿನ್ನ ಅತ್ತೆಗೆ ಫೋನ್ ಮಾಡು, ಬೇಗ!"

ಜಸೀನಾ ಫೋನ್ ಹಿಡಿದುಕೊಂಡೇ ಏರು ಹತ್ತಿ ಬಂದಳು. ಮಕ್ಕಾದಿಂದ ಸುಹರಾಳ ದನಿ, ಹಿಂದೆ ಸಾವಿರ ಜನರ ಗುಜುಗುಜು. ಕೌಸಲ್ಯಕ್ಕ ನಡೆದದ್ದನ್ನು ಹೇಳಿ, "ನೀನು ಒಪ್ಪಿಸಿದ್ದನ್ನು ನಾನೇ ಕೊಂದೆನೋ ಏನೋ ಸುಹರಾ," ಎಂದರು.

"ಅಳಬೇಡಿ ಅಕ್ಕ. ಮೊಟ್ಟೆಯೊಳಗಿನ ಜೀವ ಅಷ್ಟು ಬೇಗ ಹೋಗುದಿಲ್ಲ. ಉಗುರು ಬೆಚ್ಚಗಿನ ನೀರು ಉಂಟಾ? ಅಗಲದ ಪಾತ್ರೆಯಲ್ಲಿ ಹಾಕಿ ಮೊಟ್ಟೆಗಳನ್ನು ಮೆಲ್ಲ ಬಿಡಿ. ತೇಲ್ತವೆ. ನೀರು ನಿಲ್ಲಲಿ, ಆಮೇಲೆ ನೋಡಿ. ಜೀವ ಇದ್ರೆ ಅಲ್ಲಾಡ್ತದೆ. ಕಾವೂ ತಾಗ್ತದೆ."

"ಅಲ್ಲಾಡದಿದ್ರೆ?"

"ಇಲ್ಲಿ ಜನ ಎಷ್ಟು ದೊಡ್ಡ ದೊಡ್ಡದು ಬೇಡ್ತಾ ಇದ್ದಾರೆ ಅಕ್ಕ, ಇವರ ನಡುವೆ ಕೋಳಿಮೊಟ್ಟೆ ಬೇಡುದಕ್ಕೆ ನಾಚಿಕೆ ಆಗ್ತದೆ. ಆದ್ರೂ ಬೇಡ್ತೇನೆ. ನೀವು ನೀರು ಇಡಿ."

ಬಚ್ಚಲಿನ ಹಂಡೆಯಲ್ಲಿ ನೀರು ಬಿಸಿಯಿತ್ತು. ಕೌಸಲ್ಯಕ್ಕ ಅದನ್ನು ಅಗಲದ ಬೋಗುಣಿಗೆ ಸುರಿದು ತಣ್ಣೀರು ಬೆರೆಸಿದರು. ಹದ ನೋಡಲು ಅಂಗೈ ಇಳಿಸಿದರು. ಹಸುಗೂಸನ್ನು ಮೀಯಿಸುವ ನೀರಿನ ಹದ. ಆಮೇಲೆ ಮಡಿಲಿನಲ್ಲಿ ತಂದಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಬಿಟ್ಟರು. ಅಗಲದ ತುದಿ ಮೇಲೆ ಮಾಡಿಕೊಂಡು ಅವು ತೇಲಿದವು. ನೀರು ತುಳುಕಿತು, ಸುತ್ತಿತು, ನಿಧಾನವಾಗಿ ನಿಂತಿತು.

ಒಂದೂ ಅಲ್ಲಾಡಲಿಲ್ಲ.

ಒಳಗೆ ಭಾವನಾ ಬಡಿಸುವ ಸದ್ದು. ಜಸೀನಾ ತನ್ನ ಭಯ ಮರೆತು ಬೋಗುಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಕೌಸಲ್ಯಕ್ಕ ಕೈಮುಗಿದಿರಲಿಲ್ಲ, ಕೈಗಳು ಒದ್ದೆಯಾಗಿ ತೊಡೆಯ ಮೇಲೆ ಬಿದ್ದಿದ್ದವು. ನೀರು ಕನ್ನಡಿಯಂತೆ ನಿಂತಿತ್ತು. ಅದರಲ್ಲಿ ಬಚ್ಚಲಿನ ಹೆಂಚಿನ ಸಂದಿಯ ಬೆಳಕು ಬಿದ್ದಿತ್ತು.

ಆ ಬೆಳಕು ಮಿಸುಕಿತು.

"ಆಂಟಿ," ಎಂದಳು ಜಸೀನಾ ಉಸಿರಿನಲ್ಲಿ.

ಅಂಚಿನಲ್ಲಿದ್ದ ಒಂದು ಮೊಟ್ಟೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಬಳೆಯೊಂದು ಹುಟ್ಟಿ ಅಗಲವಾಗಿ ಹೋಯಿತು. ಮೊಟ್ಟೆ ತಲೆ ಅಲ್ಲಾಡಿಸಿದಂತೆ ಓಲಾಡಿತು. ನಿಂತಿತು. ಮತ್ತೆ ಓಲಾಡಿತು. ಅಷ್ಟರಲ್ಲಿ ನಡುವಿನದೊಂದು ಬೆಚ್ಚಿದಂತೆ ಜಿಗಿದು ಪಕ್ಕದ್ದಕ್ಕೆ ತಾಗಿತು. ಇನ್ನೊಂದು. ಮತ್ತೊಂದು. ನೀರಿನ ತುಂಬ ಬಳೆಗಳು ಒಂದರೊಳಗೊಂದು ಸೇರಿ ಮಾಯವಾದವು. ಯಾರೂ ಮುಟ್ಟುತ್ತಿರಲಿಲ್ಲ, ಗಾಳಿಯೂ ಇರಲಿಲ್ಲ. ಬಾಗಿಲಿಲ್ಲದ, ಕಿಟಕಿಯಿಲ್ಲದ ಆ ಬಿಳಿಯ ಗೋಡೆಗಳ ಒಳಗಿನಿಂದ ಯಾರೋ, ನಾವಿದ್ದೇವೆ, ನಾವಿದ್ದೇವೆ ಎನ್ನುತ್ತಿದ್ದರು.

ಕೌಸಲ್ಯಕ್ಕ ದಿನವೂ ದೀಪ ಹಚ್ಚಿ, ಹೂವಿಟ್ಟು, ಕಣ್ಣು ಮುಚ್ಚಿ ಯಾವುದನ್ನು ನೆನೆಯುತ್ತಿದ್ದರೋ ಅದು ಇಷ್ಟು ಹತ್ತಿರ, ಬಚ್ಚಲಿನ ಬೋಗುಣಿಯಲ್ಲಿ, ಅಲ್ಲಾಡುತ್ತಿತ್ತು.

"ಅಲ್ಲಾಡಿತಾ ಅಕ್ಕ? ಅಲ್ಲಾಡಿತಾ?" ಫೋನಿನಲ್ಲಿ ಸುಹರಾ ಕೇಳುತ್ತಲೇ ಇದ್ದಳು. ಇಬ್ಬರೂ ನೀರಿನ ಮೇಲೆ ಇನ್ನಷ್ಟು ಬಗ್ಗಿದರು.

ಎರಡು ಮೊಟ್ಟೆಗಳು ಮಾತ್ರ ಕೊನೆಯವರೆಗೂ ಸುಮ್ಮನಿದ್ದವು. ಉಳಿದವನ್ನು ಮೃದುವಾಗಿ ಒರೆಸಿ ಬುಟ್ಟಿಯಲ್ಲಿಟ್ಟಾಗ ಹೇಂಟೆ ಹತ್ತಿ, ಕೊಕ್ಕಿನಿಂದ ಮುಟ್ಟಿ ನೋಡಿ, ಬೆಚ್ಚಗಿರುವುದನ್ನು ತಿಳಿದು, ಮೈ ಇಳಿಸಿತು. ಸುಮ್ಮನಿದ್ದ ಎರಡನ್ನು ಕೌಸಲ್ಯಕ್ಕ ದಾಸವಾಳದ ಬುಡದಲ್ಲಿ ಹೂತು, ಒಂದು ಬೊಗಸೆ ನೀರು ಬಿಟ್ಟರು. ಬಾಗಿಲು ಹಾಕಿದ್ದರಿಂದ ಹೋದದ್ದೋ, ಮೊದಲೇ ಹಾಗಿದ್ದದ್ದೋ, ಅವರಿಗೆ ಎಂದಿಗೂ ತಿಳಿಯಲಿಲ್ಲ.

ಮರುದಿನ ಸಂಜೆ ಕೊಟ್ಟಿಗೆಯಲ್ಲಿ ಹೊಸ ದನಿ. ಹೇಂಟೆ ಗಂಟಲಿನೊಳಗೇ ಏನೋ ಹೇಳುತ್ತಿತ್ತು, ಮೊಟ್ಟೆಯೊಳಗಿನಿಂದ ಚಿಂವ್ ಎಂದು ಉತ್ತರ ಬರುತ್ತಿತ್ತು. ಇನ್ನೂ ಲೋಕವನ್ನೇ ಕಾಣದ್ದಕ್ಕೆ ತಾಯಿಯ ದನಿಯ ಗುರುತು! ಒಂದರ ಚಿಪ್ಪಿನಲ್ಲಿ ನಕ್ಷತ್ರದಂಥ ಬಿರುಕು ಮೂಡಿತ್ತು. ಕೊಕ್ಕಿನ ತುದಿ ಒಮ್ಮೆ ಕುಟ್ಟಿ ಬಹಳ ಹೊತ್ತು ಸುಸ್ತಾಗಿ ನಿಲ್ಲುತ್ತಿತ್ತು. ಸ್ವಲ್ಪ ಬಿಡಿಸಿ ಕೊಡೋಣವೇ ಎಂದು ಕೌಸಲ್ಯಕ್ಕನ ಬೆರಳು ತುಡಿಯಿತು.

"ಮುಟ್ಟಬೇಡಿ ಅಂತ ಅತ್ತೆ ಹೇಳಿದ್ದಾರೆ ಆಂಟಿ," ಎಂದಳು ಜಸೀನಾ. "ಅದರಷ್ಟಕ್ಕೇ ಬರಬೇಕಂತೆ. ನಾವು ಕೈ ಹಾಕಿದ್ರೆ ಬದುಕುದಿಲ್ಲವಂತೆ."

ಕೈಯನ್ನು ಮಡಿಲಲ್ಲಿಟ್ಟು ಕಾದರು. ಕತ್ತಲೆಯಾಗುವ ಹೊತ್ತಿಗೆ ಚಿಪ್ಪು ಇಬ್ಭಾಗವಾಗಿ, ಒದ್ದೆಮುದ್ದೆಯಾದ, ನೋಡಲು ಏನೂ ಚೆಂದವಿಲ್ಲದ ಜೀವವೊಂದು ಹೊರಬಿದ್ದು, ತಲೆ ಎತ್ತಲಾರದೆ ಒರಗಿತು. ಬೆಳಿಗ್ಗೆ ನೋಡಿದರೆ ಅದೇ ಜೀವ ಹಳದಿ ಹತ್ತಿಯ ಉಂಡೆಯಾಗಿ, ತಾಯಿಯ ರೆಕ್ಕೆಯಿಂದ ಇಣುಕುತ್ತಿತ್ತು. ಒಂದಲ್ಲ, ರೆಕ್ಕೆಯ ಸಂದು ಸಂದಿನಲ್ಲೂ. ವೆಂಕಟ್ರಮಣರು ತಿಥಿಯಂದಿನಿಂದ ಹೆಂಡತಿಯೊಡನೆ ಸರಿಯಾಗಿ ಮಾತಾಡಿರಲಿಲ್ಲ. ಈಗ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ನುಚ್ಚು ಇನ್ನೂ ಸಣ್ಣ ಆಗಬೇಕಲ್ವಾ ಇವಕ್ಕೆ?" ಎಂದು ಕೇಳಿ, ತಾವೇ ಹೋಗಿ ಅಕ್ಕಿ ಕುಟ್ಟಿ ತಂದರು.

ಸುಹರಾ ಖರ್ಜೂರ, ಮಕ್ಕಾದ ಝಂಝಂ ಬಾವಿಯ ನೀರು ಹಿಡಿದುಕೊಂಡು ಏರು ಹತ್ತಿ ಬಂದಾಗ ಕೌಸಲ್ಯಕ್ಕ ಅಂಗಳದಲ್ಲಿ ಕೋಲು ಹಿಡಿದು ನಿಂತಿದ್ದರು. ಮರಿಗಳು ಹೇಂಟೆಯ ಸುತ್ತ ಹರಡಿದ್ದವು, ಗೋಡೆಯ ಮೇಲೆ ಎರಡು ಕಾಗೆ.

"ಎಂತ ಅಕ್ಕ, ಕಾಗೆ ಓಡಿಸುದಾ? ತಿಥಿಯ ದಿನ ಕೈಮುಗಿದು ಕರೆದದ್ದಲ್ವಾ?"

"ಆ ದಿನ ನೆಂಟರು. ಈಗ ಕಳ್ಳರು!"

ಸುಹರಾ ನಕ್ಕು, ಮರಿಗಳನ್ನು ಕಣ್ಣು ತುಂಬ ನೋಡಿದಳು. "ಪಾಲಿಗೆ ಸಾಕಿದವರಿಗೆ ಅರ್ಧ ಕೊಡುವ ಕ್ರಮ ಉಂಟು. ಅರ್ಧ ನಿಮ್ಮದು."

ಕೌಸಲ್ಯಕ್ಕ ಕೋಲಿನ ತುದಿಯಿಂದ ನೆಲ ಗೀರಿದರು. ಬೆಳೆದ ಕೋಳಿಗಳ ದಾರಿ ಯಾವುದೆಂದು ಅವರಿಗೆ ಗೊತ್ತು. ಕೇಳಬೇಕೆನಿಸಿದ್ದನ್ನು ಕೇಳಲು ಬಾಯಿ ಬರಲಿಲ್ಲ; ಅದು ಸುಹರಾಳ ಮನೆಯ ಊಟ.

ಸುಹರಾಳಿಗೆ ಅರ್ಥವಾಯಿತು. "ನಿಮ್ಮ ಪಾಲು ನನ್ನ ಗೂಡಲ್ಲೇ ಇರ್ಲಿ. ಅವಕ್ಕೆ ನಮ್ಮ ಮನೆಯ ಕತ್ತಿ ತಾಗುದಿಲ್ಲ. ಮಾತು ಕೊಟ್ಟೆ."

"ಗುರುತು ಹೇಗೆ?"

"ನಿಮ್ಮನ್ನು ಹುಡುಕಿಕೊಂಡು ಬರುದು ಯಾವುದೋ, ಅದೇ ನಿಮ್ಮದು."

ಮರಿಗಳನ್ನು ಹಳೆಯ ಹಪ್ಪಳದ ಬುಟ್ಟಿಯಲ್ಲಿಟ್ಟು ಕೆಳಗೆ ಒಯ್ದರು. ಹೇಂಟೆ ಗದರುತ್ತಾ ಹಿಂದೆಯೇ ಇಳಿಯಿತು. ಎರಡು ದಿನ ಅಂಗಳ ಖಾಲಿ ಇತ್ತು. ಮೂರನೆಯ ಬೆಳಿಗ್ಗೆ ಕೌಸಲ್ಯಕ್ಕ ಹಪ್ಪಳದ ಚಾಪೆ ಬಿಡಿಸುವಾಗ ಏರಿನ ಮೆಟ್ಟಿಲಲ್ಲಿ ಕೊಕ್ ಕೊಕ್ ಕೇಳಿಸಿತು. ಮುಂದೆ ಹೇಂಟೆ, ಹಿಂದೆ ಮೆಟ್ಟಿಲನ್ನು ಹಾರಲಾರದೆ ಹಾರುತ್ತಾ ಮರಿಗಳು. ಒಂದೂ ಕೆಳಗೆ ಉಳಿದಿರಲಿಲ್ಲ.

"ಎಲ್ಲವೂ ನಿಮ್ಮದೇ ಆಯ್ತಲ್ಲ ಅಕ್ಕ!" ಕೆಳಗಿನಿಂದ ಸುಹರಾ ಕೂಗಿದಳು. "ನಾವಿನ್ನು ಸೊಪ್ಪು ತಿನ್ನುದು!"

ಈಗಲೂ ಕೌಸಲ್ಯಕ್ಕ ಬಚ್ಚಲಿನ ಬೋಗುಣಿಗೆ ಬಿಸಿನೀರು ಸುರಿದರೆ ಕೂಡಲೇ ಕೈ ಹಾಕುವುದಿಲ್ಲ. ನೀರು ಸುತ್ತಿ, ತುಳುಕಿ, ಪೂರ್ತಿ ನಿಲ್ಲುವವರೆಗೆ ನೋಡುತ್ತಾ ನಿಲ್ಲುತ್ತಾರೆ.