ಸಾಸಿವೆ ಕಾಳಿನಷ್ಟು ನಿದ್ದೆ

ಅಂಜಮ್ಮನ ಮನೆಯಲ್ಲಿ ಮಕ್ಕಳು ಅಳುತ್ತಿರಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಇದು ಎಲ್ಲರೂ ಬಲ್ಲ ಮಾತು. ನಡುಮನೆಯ ತೊಲೆಗೆ ಹಳೆಯ ಸೀರೆಗಳ ಜೋಲಿ ಕಟ್ಟಿದ್ದಳು. ಒಂದೊಂದರಲ್ಲೂ ಒಂದೊಂದು ಕೂಸು. ನಮ್ಮದು ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ. ಲಂಗ ತೊಡುವ ವಯಸ್ಸಿನ ನಾನು ಜೋಲಿ ತೂಗುವ ಆಸೆಗೆ ಅಲ್ಲಿಗೆ ಓಡುತ್ತಿದ್ದೆ. ತೂಗಿದರೂ ಅಷ್ಟೇ, ತೂಗದಿದ್ದರೂ ಅಷ್ಟೇ, ಅವು ಏಳುತ್ತಲೇ ಇರಲಿಲ್ಲ. ಬೇಜಾರಾಗಿ ಕುಂಟಾಬಿಲ್ಲೆ ಆಡಲು ಬೀದಿಗೆ ಬರುತ್ತಿದ್ದೆ.

ಐವತ್ತರ ದಶಕದ ನಡುವಿನ ವರ್ಷಗಳು ಅವು. ಮಾಗಡಿ ರಸ್ತೆಯಾಚೆ ರಾಜಾಜಿನಗರ ಎಂಬ ಹೊಸ ಊರು ಏಳುತ್ತಿತ್ತು. ರಾಗಿ ಹೊಲಗಳಲ್ಲಿ ಗೂಟ ಹೊಡೆದು, ರಸ್ತೆ ಎಳೆದು, ಸಾಲು ಮನೆ ಕಟ್ಟುತ್ತಿದ್ದರು. ನಮ್ಮ ಬೀದಿಯ ಗಂಡಸರು ಕಲ್ಲು ಒಡೆಯಲು ಹೋದರೆ ಹೆಂಗಸರು ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ತಲೆಯ ಮೇಲೆ ಬಾಂಡ್ಲಿ ಹೊತ್ತು ಏಣಿ ಹತ್ತುವವಳು ಕಂಕುಳಲ್ಲಿ ಕೂಸು ಇಟ್ಟುಕೊಳ್ಳುವುದುಂಟೇ? ಅದಕ್ಕೇ ಎಲ್ಲರೂ ಅಂಜಮ್ಮನ ಬಾಗಿಲಿಗೆ ಬರುತ್ತಿದ್ದರು. ಅವರು ಕೊಟ್ಟಷ್ಟನ್ನು ಅವಳು ಈಸಿಕೊಳ್ಳುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ.

ಹೋಗುವ ಮುಂಚೆ ತಾಯಂದಿರು ಜಗಲಿಯಲ್ಲಿ ಕೂತು ಕೂಸಿಗೆ ಹಾಲೂಡಿಸಿ, ಕೊನೆಯ ನಾಲ್ಕು ಹನಿಯನ್ನು ಒಳಲೆಗೆ ಹಿಂಡಿ ಕೊಡುತ್ತಿದ್ದರು. ಒಳಲೆ ಎಂದರೆ ಎಳೆಗೂಸಿನ ಬಾಯಿಗೆ ಹಾಲು ಹುಯ್ಯುವ, ಮೂತಿಯಿರುವ ಪುಟ್ಟ ಬಟ್ಟಲು. ಅಂಜಮ್ಮ ತಗಡಿನ ಡಬ್ಬಿ ತೆಗೆದು, ಕಪ್ಪಗೆ ಅಂಟಂಟಾಗಿದ್ದ ಅಪೀಮನ್ನು ಉಗುರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಿತ್ತು, ಆ ಹಾಲಿನಲ್ಲಿ ಕದಡಿ ಕುಡಿಸುತ್ತಿದ್ದಳು. ಕುಡಿಸಿದ ಮೇಲೆ ಕೂಸಿನ ಅಂಗಾಲಿಗೆ ಒಂದು ಕಾಡಿಗೆ ಬೊಟ್ಟು. ಬೊಟ್ಟಿದ್ದರೆ ಅಪೀಮು ಆಗಿದೆ, ಬೊಟ್ಟಿಲ್ಲದಿದ್ದರೆ ಆಗಿಲ್ಲ. ಇದು ಅವಳ ಅತ್ತೆ ಹೇಳಿಕೊಟ್ಟ ಪದ್ಧತಿ. "ಅಪೀಮು ಹಾಕೋ ಕೈ ಒಂದೇ ಇರ್ಬೇಕು, ಎರಡಾಗ್ಬಾರ್ದು" ಎಂದು ತಾಯಂದಿರನ್ನು ಗದರಿಸುತ್ತಲೇ ಇದ್ದಳು.

ಈಗ ಇದನ್ನು ಕೇಳಿದವರು ಎದೆ ಎದೆ ಬಡಿದುಕೊಳ್ಳುತ್ತಾರೆ. ಬಡಿದುಕೊಳ್ಳಲಿ. ಆಗ ಬಜೆ ತೇಯ್ದು ನೆಕ್ಕಿಸಿದಷ್ಟೇ ಸಹಜವಾಗಿ ನಡೆಯುತ್ತಿದ್ದ ಕೆಲಸ ಅದು. ಅಪೀಮು ಪೇಟೆಯ ಲೈಸೆನ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು. ತರುತ್ತಿದ್ದವನು ಅವಳ ಗಂಡ ಚಿಕ್ಕಹನುಮಯ್ಯ. ಕಲ್ಲು ಒಡೆದು ಸೊಂಟ ಹಿಡಿದುಕೊಂಡಾಗ ಯಾರೋ ಹೇಳಿದರೆಂದು ಅವನು ಶುರುಮಾಡಿದ್ದ. ಮೊದಲು ಸಾಸಿವೆಯಷ್ಟಿದ್ದದ್ದು ಕಡಲೆಯಷ್ಟಾಯಿತು, ಆಮೇಲೆ ಕಡಲೆಯೂ ಸಾಲದಾಯಿತು. ಸೊಂಟ ನೋವು ಹೋಗಿ ವರ್ಷಗಳಾದರೂ ಅಪೀಮು ಹೋಗಲಿಲ್ಲ. ಒಂದು ಹೊತ್ತು ತಪ್ಪಿದರೆ ಆಕಳಿಕೆ, ಮೂಗಿನಲ್ಲಿ ನೀರು, ಮೈಯೆಲ್ಲ ನಡುಕ. ಸಿಕ್ಕಿದರೆ ಗೋಡೆಗೊರಗಿ ಅರೆಗಣ್ಣು ಮುಚ್ಚಿ ಕೂರುತ್ತಿದ್ದ. ಹೆಂಡತಿ ಮಾತಾಡಿಸಿದರೆ ಎಲ್ಲಿಂದಲೋ ಬಂದವನ ಹಾಗೆ ನೋಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವನು ತಮಟೆಯ ಸದ್ದು ಕೇಳಿದರೆ ಸಾಕು ಕುಣಿಯುತ್ತಿದ್ದನಂತೆ. ಅದನ್ನು ಹೇಳುವಾಗ ಅಂಜಮ್ಮ ಅವನ ಕಡೆ ನೋಡುತ್ತಿರಲಿಲ್ಲ.

ಅವಳಿಗೆ ಮಕ್ಕಳಾಗಲಿಲ್ಲ. ಹರಕೆ ಹೊತ್ತಳು, ಉಪವಾಸ ಮಾಡಿದಳು. ಆಮೇಲೆ ಬೇರೆಯವರ ಮಕ್ಕಳನ್ನು ತೊಲೆಗೆ ಕಟ್ಟಿದ ಸೀರೆಗಳಲ್ಲಿ ತುಂಬಿಕೊಂಡಳು. ಒಂದು ಮಧ್ಯಾಹ್ನ ನಾನು ಕೇಳಿಯೇ ಬಿಟ್ಟೆ:

"ಇವನ್ನ ಒಂದ್ಸಲನಾದ್ರೂ ಎಬ್ಬಿಸಿ ಅತ್ತೆ, ಆಟ ಆಡಿಸೋಣ."

"ಬೇಡ ಕಣಮ್ಮಿ" ಎಂದಳು. ಮಡಿಲಲ್ಲಿ ಮಲಗಿದ್ದ ಕೂಸಿನ ನೆತ್ತಿಯನ್ನು ಮೂಸುತ್ತಾ ಹೇಳಿದಳು, "ಎದ್ರೆ ಅವು ಅವ್ವನ್ನ ಹುಡುಕ್ತವೆ. ಮಲಗಿದ್ರೆ ನನ್ನವು."

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗಲು ವಯಸ್ಸು ಬರಬೇಕಾಯಿತು. ದಿನವಿಡೀ ಮಡಿಲು ತುಂಬಿದ್ದರೂ ಎಚ್ಚರವಿದ್ದ ಒಂದು ಮಗುವೂ ಅವಳ ಮುಖ ನೋಡಿ ನಕ್ಕದ್ದಿಲ್ಲ.

ಅಪೀಮಿನ ಮಕ್ಕಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಹಾಲು ಕೇಳುತ್ತಿರಲಿಲ್ಲ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತಿತ್ತು, ಕೈಕಾಲು ಕಡ್ಡಿ. ಅದನ್ನು ನೋಡಿ ಹೆಂಗಸರು "ಸಾಧು ಮಗು" ಎನ್ನುತ್ತಿದ್ದರು. ಹಸಿವಾದರೂ ಅಳಲಾರದ ಮಗುವಿಗೆ ನಾವು ಕೊಟ್ಟ ಬಿರುದು ನೋಡಿ.

ಅವುಗಳಲ್ಲಿ ನಾಣಿ ಒಬ್ಬನೇ ಬೇರೆ ಥರ. ಬೀದಿಯ ಕೊನೆಯ ಮನೆಯ ತಿಮ್ಮಯ್ಯ, ಶಿವಕ್ಕ ಅವರ ಮೊದಲ ಮಗ. ಎಲ್ಲರಿಗೂ ಹಾಕುವಷ್ಟೇ ಹಾಕಿದರೂ ಅವನು ಪೂರ್ತಿ ಮಲಗುತ್ತಿರಲಿಲ್ಲ. ನಿದ್ದೆಯಲ್ಲೇ ಕೈ ಚಾಚಿ ಅಂಜಮ್ಮನ ಕೊರಳಿನ ಕರಿಮಣಿ ಹಿಡಿದುಕೊಳ್ಳುತ್ತಿದ್ದ. ಅವಳು ಅವನನ್ನು ಜೋಲಿಗೆ ಹಾಕದೆ ಮಡಿಲಲ್ಲೇ ಇಟ್ಟುಕೊಂಡು ರಾಗಿ ಕೇರುತ್ತಿದ್ದಳು. "ಇವನು ನನ್ನ ಬಿಡಾಕಿಲ್ಲ ಅಂತಾನೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ನಿದ್ದೆಗಣ್ಣಿನ ಹಿಡಿತ ಅದು, ಪಾಪ. ಅವಳಿಗೆ ಅಷ್ಟೇ ಸಾಕಾಗಿತ್ತು.

ನಾಣಿಗೆ ಹಲ್ಲು ಬರುವ ಕಾಲ ಬಂತು. ಒಂದು ರಾತ್ರಿಯೆಲ್ಲ ಅತ್ತನಂತೆ. ಬೆಳಿಗ್ಗೆ ತಿಮ್ಮಯ್ಯ ಹೆಂಡತಿಯನ್ನು ಬೈದ, ಮಗುವನ್ನು ಸುಮ್ಮನಿರಿಸಲಾರದವಳು ಎಂಥ ತಾಯಿ ಎಂದ. ಅವನ ಬಾಯಿಗೂ ಕೈಗೂ ಹೆದರುತ್ತಿದ್ದ ಶಿವಕ್ಕ, ಮನೆಯಲ್ಲಿ ತನ್ನ ಅತ್ತೆ ಸೆರಗಿಗೆ ಗಂಟು ಹಾಕಿಟ್ಟಿದ್ದ ಅಪೀಮಿನಿಂದ ಒಂದು ಚೂರು ಕಿತ್ತು ತಾನೇ ನೆಕ್ಕಿಸಿದಳು. ಕಾಡಿಗೆ ಬೊಟ್ಟು ಇಡಲಿಲ್ಲ. ಇಟ್ಟಿದ್ದರೆ ಅಂಜಮ್ಮ ಬೈಯುತ್ತಿದ್ದಳಲ್ಲ.

ಕೆಲಸಕ್ಕೆ ಹೊರಟ ಶಿವಕ್ಕ ಕೂಸನ್ನು ತಂದುಕೊಟ್ಟಾಗ ಅಂಜಮ್ಮ ನಾಣಿಯ ಅಂಗಾಲು ತಿರುಗಿಸಿ ನೋಡಿದಳು. ಏನೂ ಇರಲಿಲ್ಲ. ಒಳಲೆಯಲ್ಲಿ ಕದಡಿ ಕುಡಿಸಿ, ಬೊಟ್ಟು ಇಟ್ಟಳು. ಶಿವಕ್ಕ ನೋಡಿಯೂ ಸುಮ್ಮನೆ ಬಾಂಡ್ಲಿ ಎತ್ತಿಕೊಂಡು ಹೋದಳು. ಸ್ವಲ್ಪ ಜಾಸ್ತಿ ಮಲಗುತ್ತಾನೆ, ಅಷ್ಟೇ ತಾನೆ ಅಂದುಕೊಂಡಳಂತೆ. ನಾವೆಲ್ಲ ಅಪೀಮನ್ನು ನಿದ್ದೆ ಎಂದೇ ತಿಳಿದಿದ್ದೆವು. ನಿದ್ದೆ ಜಾಸ್ತಿಯಾದರೆ ಯಾರಿಗೇನು ನಷ್ಟ?

ಮಧ್ಯಾಹ್ನ ಕರಿಮಣಿಯ ಮೇಲಿದ್ದ ಕೈ ಜಾರಿಬಿತ್ತು. ರಾಗಿ ಕೇರುತ್ತಿದ್ದ ಅಂಜಮ್ಮನಿಗೆ ಅದರಿಂದಲೇ ಗೊತ್ತಾದದ್ದು. ತುಟಿ ನೇರಳೆ ಹಣ್ಣು ತಿಂದ ಬಣ್ಣಕ್ಕೆ ತಿರುಗಿತ್ತು. ಉಸಿರು ಒಂದು ಬಂದರೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕು. ಅವಳು ಕಿರುಚಿದ್ದು ಕೇಳಿ ನನ್ನಮ್ಮ ಲಕ್ಷ್ಮಿದೇವಮ್ಮ ಓಡಿದಳು. ಅಷ್ಟರಲ್ಲಿ ಅಂಜಮ್ಮ ಕೂಸನ್ನು ಎದೆಗವಚಿಕೊಂಡು ಮಾಗಡಿ ರಸ್ತೆಯಲ್ಲಿ ಟೋಲ್‌ಗೇಟ್ ಹತ್ತಿರದ ಡಿಸ್ಪೆನ್ಸರಿ ಕಡೆಗೆ ಬರಿಗಾಲಲ್ಲಿ ಓಡುತ್ತಿದ್ದಳು. ಅಮ್ಮ ಅವಳ ಹಿಂದೆಯೇ ಹೋದಳು. ಮುಂದಿನದನ್ನು ಅಮ್ಮನ ಬಾಯಿಂದ ಎಷ್ಟು ಸಲ ಕೇಳಿದ್ದೇನೋ.

ದಾರಿಯಲ್ಲಿ ಅಮ್ಮನೇ ಹೇಳಿದಳಂತೆ, "ಬಾಲಗ್ರಹ ಬಡೀತು ಅಂತ ಹೇಳು ಅಂಜಮ್ಮ. ಅಪೀಮಿನ ಸುದ್ದಿ ಎತ್ತಬೇಡ, ಪೋಲೀಸ್ನೋರು ಬರ್ತಾರೆ." ಅಂಜಮ್ಮ ಇನ್ನೂ ಜೋರಾಗಿ ಓಡಿದಳು.

ಡಿಸ್ಪೆನ್ಸರಿಯಲ್ಲಿ ಒಬ್ಬ ಡಾಕ್ಟ್ರಮ್ಮ ಇದ್ದರು. ಕೂಸನ್ನು ಮೇಜಿನ ಮೇಲೆ ಮಲಗಿಸಿಕೊಂಡು, "ಏನು ಕೊಟ್ರಿ ಇದಕ್ಕೆ?" ಎಂದು ಕೇಳಿದರು. ಹೇಳಿದರೆ ಅವಳ ಜೋಲಿಗಳೆಲ್ಲ ಬರಿದಾಗುತ್ತವೆ, ಜೈಲೂ ಆಗಬಹುದು. ಹೇಳದಿದ್ದರೆ ಮಗು ಹೋಗುತ್ತದೆ.

"ಅಪೀಮು" ಎಂದಳು ಅಂಜಮ್ಮ. "ನಾನೇ ಹಾಕಿದ್ದು. ಸಾಸಿವೆ ಕಾಳಷ್ಟು."

ಡಾಕ್ಟ್ರಮ್ಮ ರೆಪ್ಪೆ ಬಿಡಿಸಿ ನೋಡಿದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಸೂಜಿ ಚುಚ್ಚಿದರು, ಕೂಸಿನ ಬಾಯಿಗೂ ಮೂಗಿಗೂ ಸೇರಿಸಿ ತಮ್ಮ ಬಾಯಿಟ್ಟು ಮೆಲ್ಲಗೆ ಉಸಿರು ಊದಿದರು. ಊದುತ್ತ, ಬಿಡುತ್ತ, ನಡುವೆ ಬೈಯುತ್ತ. "ಸಾಸಿವೆ ಅಂತೆ. ಒಂದು ಸಲದ ಸರಕಿನ ಗಟ್ಟಿ ಇನ್ನೊಂದು ಸಲ ಇರುತ್ತೇನಮ್ಮ? ನೋವಿಗೆ ಅಂತ ನಾವೂ ಅಪೀಮಿನ ಔಷಧಿ ಕೊಡ್ತೀವಿ, ತೂಕ ನೋಡಿ, ಆಳು ನೋಡಿ. ಎಳೆಗೂಸಿಗೆ ಯಾರಾದ್ರೂ ಕೊಡ್ತಾರಾ? ಇದು ಬರೀ ನಿದ್ದೆ ಬರ್ಸಲ್ಲ. ಉಸಿರಾಡೋದನ್ನೇ ಮರೆಸಿಬಿಡುತ್ತೆ."

ಸುದ್ದಿ ಮುಟ್ಟಿ ಶಿವಕ್ಕ ಬಂದಾಗ ಅವಳ ಕೈತುಂಬ ಸುಣ್ಣ ಮೆತ್ತಿತ್ತು. ಅಂಜಮ್ಮನ ಪಕ್ಕ ಕುಸಿದು, "ಅಕ್ಕಾ, ಬೆಳಿಗ್ಗೆ ನಾನೂ ಒಂಚೂರು…" ಎಂದು ಪಿಸುಗುಟ್ಟಿದಳು. ಅಂಜಮ್ಮ ಅವಳನ್ನು ದುರುಗುಟ್ಟಿ ನೋಡಿದಳು. ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ತಿಮ್ಮಯ್ಯ ಕಾಣಿಸಿಕೊಂಡ.

"ಏನಾಯ್ತು ನನ್ನ ಮಗಂಗೆ?"

"ನನ್ನ ಕೈಲಿ ಹೆಚ್ಚಾಗೋಯ್ತು ಕಣಪ್ಪ" ಎಂದಳು ಅಂಜಮ್ಮ. ಶಿವಕ್ಕನ ಮಣಿಕಟ್ಟನ್ನು ಸೆರಗಿನ ಕೆಳಗೆ ಬಿಗಿಯಾಗಿ ಹಿಡಿದಿದ್ದಳು. ನನ್ನಮ್ಮ ಅದನ್ನು ಕಂಡಳು.

ಉಸಿರು ಒಂದು ಲಯಕ್ಕೆ ಬಂದ ಮೇಲೆ ಡಾಕ್ಟ್ರಮ್ಮ ಕೂಸನ್ನು ಅಂಜಮ್ಮನ ಕೈಗೆ ಕೊಟ್ಟರು. ಶಿವಕ್ಕನ ಕೈಯ ಸುಣ್ಣ ಇನ್ನೂ ಹೋಗಿರಲಿಲ್ಲ. "ಮಲಗೋಕೆ ಬಿಡ್ಬೇಡ. ಏನಾದ್ರೂ ಮಾಡು, ಎಚ್ಚರ ಇಡು. ಉಸಿರು ತಡೆದ್ರೆ ನನ್ನ ಕೂಗು" ಎಂದರು. ಜೀವಮಾನವೆಲ್ಲ ಕೂಸುಗಳನ್ನು ಮಲಗಿಸಿದವಳಿಗೆ ಇದು ಹೊಸ ಕೆಲಸ. ಅಂಗಾಲಿಗೆ ಬೆರಳಿನಿಂದ ಹೊಡೆದಳು. ಹೊಡೆದಲ್ಲೇ ಅವಳಿಟ್ಟ ಕಾಡಿಗೆ ಬೊಟ್ಟು. ಮುಖಕ್ಕೆ ತಣ್ಣೀರು ಚಿಮುಕಿಸಿದಳು, ಕಿವಿ ಹಿಂಡಿದಳು. "ಏಳೋ ನಾಣಿ, ಏಳೋ ನನ್ನಪ್ಪ, ಅಳೋ" ಎಂದು ಬೇಡಿಕೊಂಡಳು. ಕೆನ್ನೆಯ ಮೇಲೆ ಬೀಳುತ್ತಿದ್ದುದು ತಣ್ಣೀರೋ ಅವಳ ಕಣ್ಣೀರೋ ತಿಳಿಯುತ್ತಿರಲಿಲ್ಲ ಎನ್ನುತ್ತಿದ್ದಳು ಅಮ್ಮ.

ದೀಪ ಹಚ್ಚುವ ಹೊತ್ತಿಗೆ ನಾಣಿ ಪೂರ್ತಿ ಕಣ್ಣು ಬಿಟ್ಟ. ಮಬ್ಬು ಕಳೆದ ಕಣ್ಣಿನಿಂದ ಅವಳ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿದ. ಅವಳೂ ನೋಡಿದಳು. ಆಮೇಲೆ ಅವನ ತುಟಿ ಸೊಟ್ಟಗಾಯಿತು, ಅವಳ ಹೆಗಲಾಚೆ ತಾಯಿಯನ್ನು ಹುಡುಕುತ್ತ ಗಂಟಲು ಬಿಚ್ಚಿ ಅತ್ತ. ಅಂಜಮ್ಮ ಅವನನ್ನು ಶಿವಕ್ಕನಿಗೆ ಕೊಟ್ಟು ಎದ್ದುಬಂದಳು.

ಅಂದೇ ಡಬ್ಬಿಯನ್ನು ತಿಪ್ಪೆಗುಂಡಿಯಲ್ಲಿ ಹೂತಳು. ಮಾರನೆಯ ದಿನ ಚಿಕ್ಕಹನುಮಯ್ಯ ಕೋಲು ಹಿಡಿದು ತಿಪ್ಪೆ ಕೆದಕುತ್ತಿದ್ದುದನ್ನು ನಾನೇ ನೋಡಿದ್ದೇನೆ. ಸಿಗಲಿಲ್ಲ. ಮೂಗು ಒರೆಸಿಕೊಳ್ಳುತ್ತ ಪೇಟೆಯ ದಾರಿ ಹಿಡಿದ. ಒಣ ಕೊರಡಿಗೆ ಬುದ್ಧಿ ಹೇಳುವವರಾರು?

ಮಕ್ಕಳ ಕಥೆ ಇನ್ನೂ ಕಷ್ಟವಾಯಿತು. ಅಪೀಮು ನಿಂತದ್ದೇ ತಡ, ಅವಳ ಮನೆಯಲ್ಲಿ ಅಳು ತುಂಬಿಕೊಂಡಿತು. ಕೂಸುಗಳು ಆಕಳಿಸುತ್ತಿದ್ದವು, ಮೂಗು ಸುರಿಸುತ್ತಿದ್ದವು, ಭೇದಿ ಮಾಡುತ್ತಿದ್ದವು, ಹಿಡಿದರೂ ಬಿಟ್ಟರೂ ಅರಚುತ್ತಿದ್ದವು. ಗಂಡನ ಮೈಯಲ್ಲಿ ಕಂಡದ್ದೆಲ್ಲ ಆ ಅಂಗೈಯಗಲದ ಮೈಗಳಲ್ಲಿ ಕಂಡು ಅಂಜಮ್ಮ ತಲೆ ಚಚ್ಚಿಕೊಂಡಳು. ಆದರೂ ಹಾಕಲಿಲ್ಲ. ಒಂದನ್ನು ಕಂಕುಳಲ್ಲಿ, ಒಂದನ್ನು ಹೆಗಲಲ್ಲಿ ಹೊತ್ತು ಹಗಲೆಲ್ಲ ತಿರುಗಿದಳು. ತಾಯಂದಿರು ಮೊದಲು ಗೊಣಗಿದರು. ಆಮೇಲೆ "ಅಂಜಮ್ಮನ ಕೈಗುಣ ಹೋಯ್ತು" ಎಂದರು. ನಾಣಿಗೆ ಆದದ್ದನ್ನು ಎತ್ತಿ ಆಡಿದರು. ಹಿಂದಿನ ಬೀದಿಯಲ್ಲಿ ಇನ್ನೊಬ್ಬ ಮುದುಕಿ ಸಾಸಿವೆಯಷ್ಟು ಹಾಕಲು ತಯಾರಿದ್ದಳು. ಒಂದೊಂದೇ ಕೂಸು ಅತ್ತ ಹೋಯಿತು. ಅಂಜಮ್ಮ ಜೋಲಿಗಳನ್ನು ಬಿಚ್ಚಲಿಲ್ಲ. ಸಂಜೆ ಗಾಳಿ ಬೀಸಿದಾಗ ಅವು ಬರಿದೇ ಆಡುತ್ತಿದ್ದವು.

ಶಿವಕ್ಕ ಮಾತ್ರ ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಳು. ನೀರಿಗೆ ಹೋಗಬೇಕಾದರೂ ಸುತ್ತಿ ಬಳಸಿ ಹೋಗುತ್ತಿದ್ದಳು. ಋಣ ಇಟ್ಟುಕೊಂಡವರಿಗೆ ಮುಖ ತೋರಿಸುವುದು ಎಷ್ಟು ಕಷ್ಟ ಎಂದು ಈಗ ನನಗೂ ಗೊತ್ತು. ಅಂಜಮ್ಮ ಜಗಲಿಯಲ್ಲಿ ಕೂತು ಬೀದಿಯ ಆ ಕೊನೆಯನ್ನೇ ನೋಡುತ್ತಿದ್ದಳು. ನಾಣಿ ಅಂಬೆಗಾಲಿಟ್ಟನಂತೆ, ನಿಂತನಂತೆ, "ಅತ್ತೆ" ಎನ್ನಲು ಹೋಗಿ "ಅತ್ತ" ಅಂದನಂತೆ ಎಂದು ನಾನು ವರದಿ ಒಪ್ಪಿಸುತ್ತಿದ್ದೆ. "ಹೌದಾ?" ಎನ್ನುತ್ತಿದ್ದಳು. ಮತ್ತೆ ಅದನ್ನೇ ಹೇಳಿಸುತ್ತಿದ್ದಳು.

ಎರಡು ಮಳೆಗಾಲ ಕಳೆದಿರಬೇಕು. ಒಂದು ಮಧ್ಯಾಹ್ನ ನಾನು ಅವಳ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಒಳಗೆ ಹೋದ ಅಂಜಮ್ಮ ನನ್ನನ್ನು ಸನ್ನೆ ಮಾಡಿ ಕರೆದಳು. ತೆರೆದಿದ್ದ ಬಾಗಿಲಿನಿಂದ ಬಂದ ನಾಣಿ, ಎಲ್ಲಕ್ಕಿಂತ ತಗ್ಗಾಗಿದ್ದ ಜೋಲಿಗೆ ಹೇಗೋ ಹತ್ತಿ ನಿದ್ದೆ ಹೋಗಿದ್ದ. ಮೊಣಕಾಲಿನ ತುಂಬ ಮಣ್ಣು, ಕೈಯಲ್ಲಿ ಅರ್ಧ ತಿಂದ ಬೆಲ್ಲದ ಚೂರು.

ಅಂಜಮ್ಮ ಜೋಲಿಯ ಪಕ್ಕ ಕೂತಳು. ತೂಗಲಿಲ್ಲ. ಮಣ್ಣುಕಾಲನ್ನು ಮುಟ್ಟಿದಳು, ಬಾಗಿ ನೆತ್ತಿ ಮೂಸಿದಳು. ಇಷ್ಟು ದಿನ ಕಾದದ್ದು ತಾನಾಗಿ ಬಂದು ಮಲಗಿತ್ತು. ಇನ್ನು ಸಂಜೆಯವರೆಗೆ ಅವನು ಅವಳವನು ಎಂದುಕೊಂಡೆ. ಆದರೆ ಅವಳ ಬೆರಳು ಅವನ ಮೂಗಿನ ಕೆಳಗೆ ಹೋಯಿತು. ಹಿಂದೆ ಬಂತು, ಮತ್ತೆ ಹೋಯಿತು. ಉಸಿರು ಚೆನ್ನಾಗಿಯೇ ಇತ್ತು. ಆದರೂ ಅವಳಿಗೆ ಕೂರಲಾಗಲಿಲ್ಲ.

"ನಾಣೀ, ಏಳೋ ನನ್ನಪ್ಪ" ಎಂದು ಅಂಗಾಲಿಗೆ ಮೆಲ್ಲಗೆ ತಟ್ಟಿದಳು.

ಅವನು ಕಣ್ಣು ಬಿಟ್ಟ. ಗುರುತಿಲ್ಲದ ಮುಖ ನೋಡಿ "ಅವ್ವಾ" ಎಂದು ಅಳತೊಡಗಿದ. ಬೀದಿಯಲ್ಲಿ ಮಗನನ್ನು ಹುಡುಕುತ್ತಿದ್ದ ಶಿವಕ್ಕ ಅಳು ಕೇಳಿ ಹೊಸ್ತಿಲ ತನಕ ಬಂದು ನಿಂತಳು. ಒಳಗೆ ಕಾಲಿಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಕಣ್ಣು ತುಂಬಿಕೊಂಡು, "ಮಲಗಿದ್ನಾ ಅಕ್ಕಾ? ಯಾಕೆ ಎಬ್ಬಿಸ್ದೆ? ನಿನ್ ಹತ್ರ ಇರ್ತಿದ್ನಲ್ಲ ಒಂದಿಷ್ಟು ಹೊತ್ತು" ಎಂದಳು.

"ಹುಡುಕ್ಲಿ ಬಿಡು ನಿನ್ನ" ಎಂದಳು ಅಂಜಮ್ಮ, ಅವನನ್ನು ಎತ್ತಿ ಕೊಡುತ್ತ. "ಹುಡುಕೋಕೆ ಎಚ್ಚರ ಇರ್ಬೇಕಲ್ವಾ."

ಶಿವಕ್ಕ ಮಗನನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಅವನು ಇನ್ನೂ ಬಿಕ್ಕುತ್ತಿದ್ದ. ಆ ಬಿಕ್ಕು ಬೀದಿಯ ಕೊನೆಗೆ ಹೋಗಿ ಕೇಳಿಸದಾಗುವ ತನಕ ಅಂಜಮ್ಮ ಬಾಗಿಲಲ್ಲೇ ನಿಂತಿದ್ದಳು.