ಇಸ್ತ್ರಿಯಕ್ಕನ ಬಲಗಾಲು

ಆ ಮನೆಯಲ್ಲಿ ಸಕ್ಕರೆ ಕಾಯಿಲೆ ಇಬ್ಬರಿಗೂ ಇತ್ತು, ರೋಗಿ ಮಾತ್ರ ಒಬ್ಬನೇ. ಗಂಡ ಲಾರಿ ಡ್ರೈವರಾಗಿದ್ದವನು. ಎಡ ಅಂಗಾಲಿನಲ್ಲಿ ಹುಣ್ಣಾದದ್ದೇ ಸ್ಟೀರಿಂಗ್ ಬಿಟ್ಟು ಮಂಚ ಹಿಡಿದ. ಹೆಂಡತಿ ಮುಂದಿನ ಕೋಣೆಯಲ್ಲಿ ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದಳು, ಬೀದಿಗೆಲ್ಲ ಇಸ್ತ್ರಿಯಕ್ಕ. ಅವಳಿಗೂ ಸಕ್ಕರೆ ಇದೆಯೆಂದು ತಿಳಿದ ದಿನ ಅವನು ಹೇಳಿದ್ದು ಇಷ್ಟೇ: "ನಿಂಗೂ ಬಂತಾ? ಸರಿಹೋಯ್ತು. ಇನ್ನು ನನ್ನ ಯಾರು ನೋಡ್ಕೋತಾರೆ?"

ನೋಡಿಕೊಂಡವಳು ಅವಳೇ. ಡ್ರೆಸಿಂಗ್ ಮಾಡುವುದನ್ನು ಆಸ್ಪತ್ರೆಯ ಸಿಸ್ಟರ್ ಹತ್ತಿರ ಕಲಿತಳು. ಬೆಳಗಾದರೆ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆಯುವಳು, ಬೆರಳ ಸಂದಿಯ ತೇವ ಒರೆಸುವಳು, ಎಲ್ಲಾದರೂ ಕೆಂಪಾಗಿದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡುವಳು. ಅವನು ಕಕ್ಕಸಿಗೆ ಹೊರಟರೂ ಚಪ್ಪಲಿಯನ್ನು ಕೊಡವಿಯೇ ಕೊಡುವಳು, ಒಳಗೆ ಕಲ್ಲುಗಿಲ್ಲು ಇದ್ದೀತೆಂದು. ಮಹಾರಾಜರ ಪಾದ! ತನ್ನ ಚಪ್ಪಲಿಯನ್ನು ಒಂದು ದಿನವೂ ಕೊಡವಿದವಳಲ್ಲ.

ಒಮ್ಮೆ ಲಾಡ್ಜಿನವರ ಬೆಡ್‌ಶೀಟುಗಳು ಗಂಟುಗಟ್ಟಲೆ ಬಂದು ಬಿದ್ದಿದ್ದವು. ಅವಸರದಲ್ಲಿ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ ಉಜ್ಜತೊಡಗಿದಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಯಾವ ಬಟ್ಟೆ ಸುಟ್ಟಿತೋ, ಲಾಡ್ಜಿನವನಿಗೆ ಏನು ಹೇಳುವುದೋ! ಒಂದೊಂದು ಬೆಡ್‌ಶೀಟನ್ನೂ ಬಿಡಿಸಿ, ಕೊಡವಿ, ತಿರುವಿ ನೋಡಿದಳು. ಎಲ್ಲ ಬೆಳ್ಳಗೆ ಸರಿಯಾಗಿಯೇ ಇದ್ದವು.

"ಸದ್ಯ, ಬಟ್ಟೆಗೇನೂ ಆಗಿಲ್ಲ" ಅಂದುಕೊಂಡು ಬಗ್ಗಿದಾಗ ಬಲಗಾಲಿನ ಚಪ್ಪಲಿಯಿಂದ ಹೊಗೆ ಏಳುತ್ತಿತ್ತು. ಪಟ್ಟಿಯೊಳಗೆ ಜಾರಿದ ಕೆಂಡದ ಚೂರನ್ನು ಮೆಟ್ಟಿಕೊಂಡೇ ಅಷ್ಟು ಹೊತ್ತು ನಿಂತಿದ್ದಳು. ಸಕ್ಕರೆಯಿಂದ ಸತ್ತುಹೋಗಿದ್ದ ಕಾಲಿಗೆ ಉರಿಯೇ ಗೊತ್ತಾಗಿರಲಿಲ್ಲ. ನೋಯದ ಗಾಯಕ್ಕೆ ಯಾರ ಹತ್ತಿರ ಅಳುವುದು? ನೀರು ಸುರಿದುಕೊಂಡು, ಗಂಡನ ಹಳೆಯ ಕಾಲುಚೀಲ ಏರಿಸಿ, ಉಳಿದ ಬಟ್ಟೆ ಮುಗಿಸಿದಳು.

ಗಾಯ ಗುಣವಾಗಲಿಲ್ಲ, ಆಳವಾಯಿತು. ಅವನ ಮುಲಾಮಿಗೆ ಕೈಹಾಕಿದಳು.

"ಏ, ಅದು ನನ್ನ ಟ್ಯೂಬು ಕಣೇ."

"ಚೂರು ಹಚ್ಕೋತೀನಿ ರೀ. ಕಾಲು ಸುಟ್ಟಿದೆ."

"ಇಸ್ತ್ರಿ ಹಾಕೋರಿಗೆ ಸುಡದೆ ಇನ್ನೇನು? ಮುಚ್ಚಳ ಗಟ್ಟಿಯಾಗಿ ಹಾಕು."

ಎಲ್ಲಿ, ತೋರಿಸು ಅನ್ನಲಿಲ್ಲ. ಅದೊಂದು ಮಾತಿಗಾಗಿ ಅವಳ ಜೀವ ಕಾದಿತ್ತು. ಅಂದಿದ್ದರೆ ಮರುದಿನವೇ ಆಸ್ಪತ್ರೆಗೆ ಹೋಗುತ್ತಿದ್ದಳು. ಕಾಲಿಗೆ ಭಾರ ಬಿಡಬೇಡಿ ಎಂದು ಡಾಕ್ಟರು ಗಂಡನಿಗೆ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಅವನು ಭಾರ ಬಿಡದಿರಲು ಅವಳಿದ್ದಳು. ಅವಳು ಇಸ್ತ್ರಿ ಮೇಜಿನ ಮುಂದೆ ನಿಂತೇ ಇದ್ದಳು.

ಒಂದು ಮಧ್ಯಾಹ್ನ ಗಂಡ ಮಂಚದಿಂದ ಕೂಗಿಕೊಂಡ. "ಏನೋ ಗಬ್ಬು ನಾರ್ತಿದೆ! ನನ್ನ ಕಾಲು ಕೊಳೀತಿದೆ ಕಣೇ, ಬೇಗ ಬಿಚ್ಚಿ ನೋಡು!" ಅವನ ಮುಖ ಬಿಳಿಚಿಕೊಂಡಿತ್ತು. ಅವಳು ಕುಂಟುತ್ತಾ ಬಂದು ಪಟ್ಟಿ ಬಿಚ್ಚಿದಳು. ಗಾಯ ಮಾಗಿ ಹೊಸ ಚರ್ಮ ಬಂದಿತ್ತು.

"ನಿಮ್ಮದಲ್ಲ ರೀ" ಅಂದಳು.

"ಸದ್ಯ" ಎಂದು ನಿಟ್ಟುಸಿರು ಬಿಟ್ಟು ಅವನು ಟೀ ಕೇಳಿದ.

ಅವನ ಗಾಯ ತೋರಿಸಲು ಹೋದಾಗ ಸಿಸ್ಟರ್ ಹೊಗಳಿದ್ದೇ ಹೊಗಳಿದ್ದು. "ನಿಮ್ಮ ಹೆಂಡತಿಯ ಕೈಗುಣ ಕಣ್ರೀ, ಪೂರ್ತಿ ವಾಸಿಯಾಗಿದೆ." ಆಮೇಲೆ ಮೂಗು ಮುಚ್ಚಿಕೊಂಡು ಅವಳ ಕಾಲುಚೀಲದತ್ತ ನೋಡಿದಳು. ಅದು ಕೀವಿನಲ್ಲಿ ನೆಂದು ಅಂಟಿಕೊಂಡಿತ್ತು, ಬಿಚ್ಚಲು ಕತ್ತರಿಯೇ ಬೇಕಾಯಿತು. "ಇಷ್ಟೆಲ್ಲ ಗೊತ್ತಿರೋರು ನಿಮ್ಮ ಕಾಲು ಯಾಕಮ್ಮ ನೋಡ್ಕೊಳ್ಳಲಿಲ್ಲ?" ಎಂದು ಬೈದಳು. ಇಸ್ತ್ರಿಯಕ್ಕನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ವಾರ್ಡಿನಲ್ಲಿ ಸಿಸ್ಟರ್ ಗಂಡನನ್ನು ಹತ್ತಿರ ಕರೆದಳು. "ಮನೇಲಿ ಇನ್ಮೇಲೆ ನೀವೇ ಡ್ರೆಸಿಂಗ್ ಮಾಡ್ಬೇಕು, ಬನ್ನಿ ಕಲಿಸ್ತೀನಿ." ಅವನು ಗೋಡೆಯ ಕಡೆ ತಿರುಗಿದ. "ಅಯ್ಯೋ, ನಂಗೆ ಇದನ್ನೆಲ್ಲ ನೋಡಿದ್ರೆ ವಾಕರಿಕೆ ಬರುತ್ತೆ."

ಸಿಸ್ಟರ್ ಆಚೆ ಹೋದದ್ದೇ ಅವನು ಸ್ಟೂಲೆಳೆದು ಕೂತು, ಚಪ್ಪಲಿ ಕಳಚಿ, ಎಡಗಾಲನ್ನು ಅವಳ ಹಾಸಿಗೆಯ ಮೇಲಿಟ್ಟ. ಅಲ್ಲಿ ಈಗ ಬೇಕಾದಷ್ಟು ಜಾಗವಿತ್ತು.

"ನೀನು ಇಲ್ಲಿ ಮಲಗಿದಾಗಿಂದ ಯಾರೂ ನೋಡಿಲ್ಲ ಕಣೇ. ಸ್ವಲ್ಪ ನೋಡು."

ಅವಳು ಅಭ್ಯಾಸಬಲದಿಂದ ಬೆರಳುಗಳನ್ನು ಬಿಡಿಸಿದಳು. ಕಿರುಬೆರಳ ಸಂದಿಯಲ್ಲಿ ಚರ್ಮ ಬಿರಿದು, ಸುತ್ತ ಕೆಂಪಾಗಿ, ಒಳಗೆ ಕೀವು ಕಟ್ಟತೊಡಗಿತ್ತು. ಅವನ ಮೊದಲ ಹುಣ್ಣೂ ಹೀಗೆಯೇ ಶುರುವಾಗಿತ್ತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಬೆರಳುಗಳನ್ನು ಮೊದಲಿನಂತೆ ಕೂಡಿಸಿದಳು.

"ಏನೂ ಇಲ್ಲ ರೀ, ಚೆನ್ನಾಗಿದೆ" ಎಂದು ಹೊದಿಕೆ ಎಳೆದುಕೊಂಡಳು.